ಅಜ್ಜ ಸಿಗುವುದು ಪಿಂಚಣಿ ಅರ್ಜಿಯಲ್ಲಿ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯಕ್ಕೆ 250 ವರ್ಷ ತುಂಬಿದ ಸಂಭ್ರಮ ಎಲ್ಲೆಲ್ಲೂ ಇದೆ. ಅದಕ್ಕೂ ಕನ್ನಡ ಕೂಟಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಿದರು. ಸಂಬಂಧ ಅಂದರೆ ಸಂಬಂಧವೇ! ಇಲ್ಲಿ ಕೂತಿರುವ ಎಷ್ಟೋ ಮನೆಗಳಿಗೆ ಈ ದೇಶದ ಸೊಸೆ, ಅಳಿಯ ಬಂದಿದ್ದಾರೆ. ನಮ್ಮ ಮನೆಗೂ ಸೊಸೆ ಬಂದಿದ್ದಾಳೆ. ಮೊಮ್ಮಕ್ಕಳಿಗೆ ನಮ್ಮ ಕಡೆಯ ಗೋತ್ರ, ಮನೆದೇವರು, ಮುತ್ತಜ್ಜನ ಊರು ಎಲ್ಲ ಬಾಯಿಪಾಠ ಮಾಡಿಸುತ್ತೇವೆ. ಬೀಗರ ಕಡೆಯ ಮಾತು ಬಂದಾಗ, 'ಅವರ ಪೈಕಿ ಯಾರೋ ಒಬ್ಬ ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ ಸೈನ್ಯದಲ್ಲಿದ್ದನಂತೆ' ಅಂದು ಮುಗಿಸುತ್ತೇವೆ. ಅಷ್ಟಕ್ಕೇ ಬಿಡಬಾರದು. ಅವನೂ ನಮ್ಮ ಮೊಮ್ಮಕ್ಕಳ ಅಜ್ಜನೇ, ಅಲ್ವಾ?

ಹುಡುಕುವುದು ಎಲ್ಲಿ? ನಾನು ಹೇಳುವುದು ಒಂದೇ ಮಾತು. ಸೈನಿಕನನ್ನು ಯುದ್ಧದ ಕಾಗದದಲ್ಲಿ ಹುಡುಕಬೇಡಿ, ಬಡತನದ ಕಾಗದದಲ್ಲಿ ಹುಡುಕಿ.

ಯಾಕೆ ಅಂತೀರಾ? 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿತ್ತು. ದಾಖಲೆಗಳು ಸುಟ್ಟುಹೋದವು. 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ ನಗರಕ್ಕೇ ಬೆಂಕಿ ಇಟ್ಟರು. ಹಾಜರಿ ಪಟ್ಟಿಗಳನ್ನು ಆಮೇಲೆ ಅಲ್ಲಿಂದ ಇಲ್ಲಿಂದ ಕೂಡಿಹಾಕಿದರು. ಆದರೆ ಆ ಪಟ್ಟಿಯಲ್ಲಿ ಸಿಗುವುದು ಹೆಚ್ಚಾಗಿ ಹೆಸರು, ತುಕಡಿ, ದಿನಾಂಕ ಅಷ್ಟೇ. ಹೆಂಡತಿ ಯಾರು, ಮಕ್ಕಳು ಎಷ್ಟು, ಅದು ಯಾವುದೂ ಅಲ್ಲಿ ಇಲ್ಲ.

ಇನ್ನು ಪಿಂಚಣಿ. 1818ರ ಕಾನೂನಿನಲ್ಲಿ ಕಾಂಟಿನೆಂಟಲ್ ಸೈನ್ಯದಲ್ಲಿ, ಅಂದರೆ ವಾಷಿಂಗ್ಟನ್ನರ ಸೈನ್ಯದಲ್ಲಿ, ದುಡಿದ ಬಡ ಸೈನಿಕನಿಗೆ ತಿಂಗಳಿಗೆ 8 ಡಾಲರ್ ಕೊಡುತ್ತೇವೆ ಅಂದರು. ಅರ್ಜಿಗಳು ಬಂದವು ನೋಡಿ, ಸರ್ಕಾರ ಬೆಚ್ಚಿಬಿತ್ತು. 1820ರಲ್ಲಿ ಹೊಸ ಷರತ್ತು ಹಾಕಿದರು: ಕೋರ್ಟಿಗೆ ಬಂದು ಮನೆಯಲ್ಲಿರುವ ಆಸ್ತಿಯನ್ನೆಲ್ಲ ಪ್ರಮಾಣ ಮಾಡಿ ಹೇಳಬೇಕು. ಮುದುಕರಿಗೆ ಎಷ್ಟು ಅವಮಾನ ಆಗಿರಬೇಕು! ಆದರೆ ವಂಶ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಕಾಗದ ಸಿಗುವುದು ಕಷ್ಟ.

ಜೋಸೆಫ್ ಪ್ಲಂಬ್ ಮಾರ್ಟಿನ್ ಅಂತ ಒಬ್ಬ. ಇವನ ಕತೆ ಸ್ವಲ್ಪ ಉದ್ದ ಆದರೂ ಹೇಳಿಬಿಡುತ್ತೇನೆ, ನನಗೆ ತುಂಬ ಇಷ್ಟದವನು. ಹುಟ್ಟಿದ್ದು 1760ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಬೆಳೆದದ್ದು ಕನೆಕ್ಟಿಕಟ್ಟಿನಲ್ಲಿ, ಅಜ್ಜ ಅಜ್ಜಿಯ ಮನೆಯಲ್ಲಿ. 15 ವರ್ಷಕ್ಕೆ ಸೈನ್ಯ ಸೇರಿದ. ಹಸಿವು, ಚಳಿ ಎಲ್ಲ ತಿಂದ. 1781ರಲ್ಲಿ ಬ್ರಿಟಿಷರು ಸೋತ ಯಾರ್ಕ್‌ಟೌನ್ ಮುತ್ತಿಗೆಯ ಹೊತ್ತಿಗೆ ಕಂದಕ ತೋಡುವ ದಳದಲ್ಲಿ ಸಾರ್ಜೆಂಟ್ ಆಗಿದ್ದ. ಅಲ್ಲಿ ಸೋತವನು ನಮಗೆಲ್ಲ ಗೊತ್ತಿರುವ ಕಾರ್ನ್‌ವಾಲಿಸ್. ಹತ್ತು ವರ್ಷ ಕಳೆದು ಬೆಂಗಳೂರಿನ ಕೋಟೆ ಹಿಡಿದ, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. ಅದು ಬೇರೆ ದಿನದ ಮಾತು.

ಯುದ್ಧ ಮುಗಿದ ಮೇಲೆ ಮಾರ್ಟಿನ್ ಈಗಿನ ಮೇನ್ ರಾಜ್ಯದ ಪ್ರಾಸ್ಪೆಕ್ಟ್ ಎಂಬಲ್ಲಿ ಜಮೀನು ಮಾಡಿಕೊಂಡ. ಆ ಜಮೀನು ನನ್ನದು ಅಂತ ಒಬ್ಬರು ಬಂದರು. ಯಾರು? ವಾಷಿಂಗ್ಟನ್ನರ ಫಿರಂಗಿ ದಳದ ಮುಖ್ಯಸ್ಥನಾಗಿದ್ದ ಹೆನ್ರಿ ನಾಕ್ಸ್! ಒಂದೇ ಸೈನ್ಯದ ದಂಡನಾಯಕ ಮತ್ತು ಕಾಲಾಳು. ಕಾಲಾಳಿನ ಜಮೀನು ಹೋಯಿತು. 1820ರಲ್ಲಿ ಕೋರ್ಟಿನಲ್ಲಿ ನಿಂತು ಅವನು ಲೆಕ್ಕ ಕೊಟ್ಟ. ಉಟ್ಟ ಬಟ್ಟೆ, ಹಾಸಿಗೆ ಬಿಟ್ಟರೆ ಎರಡು ಹಸು, ಆರು ಕುರಿ, ಒಂದು ಹಂದಿ. ವಯಸ್ಸು 59. ಹೆಂಡತಿ ಲೂಸಿಗೆ ವಾತದ ಕಾಯಿಲೆ. ಮನೆಯಲ್ಲಿ ಐದು ಮಕ್ಕಳು. ಎಂಟು ಡಾಲರಿಗಾಗಿ ಅವನು ಬಿಚ್ಚಿಟ್ಟ ಬದುಕು ಅದು. ಊರು, ವಯಸ್ಸು, ಹೆಂಡತಿ, ಮಕ್ಕಳು, ಒಂದು ತಲೆಮಾರು ಪೂರ್ತಿ ಅಲ್ಲೇ ಇದೆ. ಯಾವ ವಿಜಯಸ್ತಂಭದ ಮೇಲೂ ಇದನ್ನು ಕೆತ್ತುವುದಿಲ್ಲ.

ವಿಧವೆಯರ ಫೈಲುಗಳು ಇನ್ನೂ ಶ್ರೀಮಂತ. 1836ರಿಂದ ಅವರಿಗೂ ಹೆಚ್ಚು ವಿಸ್ತಾರವಾಗಿ ಪಿಂಚಣಿ ಸಿಕ್ಕಿತು. ಆದರೆ ಮದುವೆ ಆದದ್ದಕ್ಕೆ ಸಾಕ್ಷಿ ಬೇಕು. ಐವತ್ತು ವರ್ಷದ ಹಿಂದಿನ ಮದುವೆಗೆ ಎಲ್ಲಿಂದ ತರುವುದು? ಎಷ್ಟೋ ಹೆಂಗಸರು ಮನೆಯ ಬೈಬಲ್ಲಿನಿಂದ ಹುಟ್ಟು, ಮದುವೆ, ಸಾವು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದರು. ಆ ಹಾಳೆಗಳು ಇವತ್ತಿಗೂ ಅಮೆರಿಕ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಸೈನಿಕರದು, ವಿಧವೆಯರದು ಎಲ್ಲ ಸೇರಿ ಅಲ್ಲಿರುವ ಫೈಲುಗಳು ಸುಮಾರು 80,000.

ಫೈಲ್ ನಂಬರಿನ ಮುಂದೆ ಒಂದು ಅಕ್ಷರ ಇರುತ್ತದೆ. ಎಸ್ ಅಂದರೆ ಸೈನಿಕ ತಾನೇ ಪಡೆದದ್ದು. ಡಬ್ಲ್ಯು ಅಂದರೆ ವಿಧವೆ. ಆರ್ ಅಂದರೆ ತಿರಸ್ಕರಿಸಿದ್ದು. ಆರ್ ಕಂಡ ಕೂಡಲೆ ಮುಂದೆ ಹೋಗಬೇಡಿ! ಜೆಹು ಗ್ರಾಂಟ್ ಅಲ್ಲೇ ಇದ್ದಾನೆ. ರೋಡ್ ಐಲೆಂಡಿನಲ್ಲಿ ಗುಲಾಮ. 1777ರಲ್ಲಿ ಯಜಮಾನನ ಮನೆಯಿಂದ ಓಡಿಬಂದು ಸೈನ್ಯ ಸೇರಿ ಗಾಡಿ ಹೊಡೆದ. ತಿಂಗಳುಗಳಾದ ಮೇಲೆ ಯಜಮಾನ ಬಂದು ಎಳೆದುಕೊಂಡು ಹೋದ. ಮುಪ್ಪಿನಲ್ಲಿ ಪಿಂಚಣಿ ಕೇಳಿದರೆ, ನೀನು ಓಡಿಬಂದ ಗುಲಾಮ, ಕೊಡಲಾಗದು ಅಂದರು. 1836ರಲ್ಲಿ ಮತ್ತೆ ಬರೆಸಿದ. ಎಲ್ಲರೂ ಸ್ವಾತಂತ್ರ್ಯಕ್ಕಾಗಿ ಎದ್ದದ್ದನ್ನು ಕಂಡು ತನಗೂ ಅದು ಇಷ್ಟವಾಯಿತು ಅಂತ ಹೇಳಿಕೊಂಡ. ಮತ್ತೆ ಇಲ್ಲ ಅಂದರು. ಹಣ ಸಿಗಲಿಲ್ಲ, ಆದರೆ ಅವನ ಮಾತು ಉಳಿಯಿತು. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಬಡತನದ ಕಾಗದ ನೋಡಿ ಅಂತ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಊಟದ ವಾಸನೆಯೂ ಬರುತ್ತಿದೆ, ಬೇಗ ಮುಗಿಸುತ್ತೇನೆ.

ಹೆಸರು ಹೊಂದಿತು ಅಂತ ಕುಣಿಯಬೇಡಿ. ಒಂದೇ ಹೆಸರಿನ ಸೈನಿಕರು ಬೇಕಾದಷ್ಟಿದ್ದರು. ಇಂಟರ್‌ನೆಟ್ಟಿನ ವಂಶವೃಕ್ಷದಲ್ಲಿ ಒಬ್ಬರು ತಪ್ಪು ಬರೆದರೆ ಉಳಿದವರು ಸುಮ್ನೆ ನಕಲು ಮಾಡುತ್ತಾರೆ. ನಿಮ್ಮಿಂದ ಶುರು ಮಾಡಿ ಹಿಂದಕ್ಕೆ ಹೋಗಿ, ತಲೆಮಾರಿಗೆ ಒಂದಾದರೂ ಕಾಗದ ಇರಲಿ. ಮನೆಯವರೆಲ್ಲರ ಹೆಸರು ಜನಗಣತಿಯಲ್ಲಿ ಬರುವುದು 1850ರಿಂದ. ಅದಕ್ಕೂ ಮೊದಲು, 1840ರ ಗಣತಿಯಲ್ಲಿ ಪಿಂಚಣಿದಾರರ ಹೆಸರು, ವಯಸ್ಸು, ಯಾರ ಮನೆಯಲ್ಲಿದ್ದರು ಅನ್ನುವುದು ಇದೆ. ಮುದುಕ ಅಳಿಯನ ಮನೆಯಲ್ಲಿದ್ದರೆ ಮಗಳ ಕೊಂಡಿ ಅಲ್ಲೇ ಸಿಗಬಹುದು.

ಹೈದರ್ ಅಲಿಯ ಹೆಸರಿಟ್ಟ ಪೆನ್ಸಿಲ್ವೇನಿಯಾದ ಹಡಗು 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗನ್ನು ಸೆರೆ ಹಿಡಿದ ಕತೆಯನ್ನೂ ತಂದಿದ್ದೆ. ಊಟದ ಹೊತ್ತಲ್ಲಿ ಕೇಳಿ, ಹೇಳುತ್ತೇನೆ.

ಕೊನೆಗೆ ಒಂದು ಕೋರಿಕೆ. ಆ ಪಿಂಚಣಿ ಕಾಗದಗಳ ಕೈಬರಹವನ್ನು ಆರ್ಕೈವ್ಸ್‌ನವರು ಸ್ವಯಂಸೇವಕರಿಂದ ಟೈಪ್ ಮಾಡಿಸುತ್ತಿದ್ದಾರೆ. ಕೂಡಿಸಿ ಬರೆದ ಇಂಗ್ಲಿಷನ್ನು ಇಲ್ಲಿನ ಎಷ್ಟೋ ಮಕ್ಕಳು ಓದಲಾರರು. ಊರಿನಿಂದ ಆರು ತಿಂಗಳಿಗೆ ಬಂದು ಮನೆಯಲ್ಲಿ ಬೇಜಾರಾಗಿ ಕೂರುವ ನಮ್ಮ ಹಿರಿಯರು ಚೆನ್ನಾಗಿ ಓದುತ್ತಾರೆ. ಅವರನ್ನೂ ಮೊಮ್ಮಕ್ಕಳನ್ನೂ ಒಟ್ಟಿಗೆ ಕೂರಿಸೋಣ. ಹೆಸರು ಬರೆಸುವವರಿಗೆ ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದೇವೆ. ಬೀಗರ ಊರು, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಗೊತ್ತಿದ್ದರೆ ಅದನ್ನೂ ಪಕ್ಕದಲ್ಲೇ ಬರೆದುಬಿಡಿ.