ರಿಂಗ್ ಆಗ್ತದ, ಮಾತು ಬರಂಗಿಲ್ಲ: ಗಂಜ್ ಆಫೀಸಿನ ನೆಟ್ ಫೋನ್ ರಿಪೇರಿ

ಕಲಬುರಗಿ ನೆಹರು ಗಂಜ್‌ಗೆ ಬಂದೀನ್ರಿ. ತೊಗರಿ ಸೀಜನ್ ಅದ, ಬೈಕ್ ನಿಲ್ಲಸ್ಲಾಕೂ ಜಾಗ ಇಲ್ಲ. ನಮ್ಮ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ ಸಿಕ್ಕದ, ರೇಟ್ ಕೇಳ್ಲಾಕ ಹೊರಗಿನ ರಾಜ್ಯದವರೂ ಫೋನ್ ಹಚ್ತಾರ. ಈ ಅಡತಿ ಅಂಗಡಿ ಮ್ಯಾಲಿನ ಆಫೀಸಿಗೂ ಬರ್ತಾವ. ಆದ್ರ ಮುನೀಮ್ ಕಾಕಾ ಎತ್ತಿ ಹಲೋ ಅಂದ್ರ, ಆ ಕಡಿಂದ ಒಂದ್ ಮಾತೂ ಕೇಳ್ಸಂಗಿಲ್ಲ.

ಮಜಾ ಏನಂದ್ರ, ಕಾಕಾನ ಮಾತು ಆ ಕಡಿಗಿ ಸಾಫ್ ಹೋಗ್ಲಾಕತ್ತಿತ್ತು. "ಯಾವನೋ ಕೆಲಸ ಇಲ್ದಾಂವ, ಹಚ್ಚಿ ಸುಮ್ನ ಕುಂತಾನ" ಅಂತ ಇವರು ಬೈದಿದ್ದು ಒಬ್ಬ ಖರೀದಿದಾರರಿಗಿ ಪೂರ್ತಿ ಕೇಳ್ಸಿ, ಅವರು ಮೊಬೈಲ್‌ಗಿ ಹಚ್ಚಿ ಜಗಳ ತೆಗದಾರ.

"ತಮ್ಮಾ, ಹೊಸಾ ಫೋನ್ ತರಸ್ಬೇಕೇನು?" ಅಂದ್ರು ಕಾಕಾ. ಹೆಡ್‌ಸೆಟ್ ಅಂತೂ ಆಗಲೇ ಹೊಸಾದು ತಂದು ಇಟ್ಕೊಂಡಾರ. ಬ್ಯಾಡ್ರಿ ಕಾಕಾ, ಮದ್ಲ ಇಲ್ಲಿಂದ ಕೆಳಗಿನ ಅಂಗಡಿ ಎಕ್ಸ್‌ಟೆನ್ಷನ್‌ಗಿ ಹಚ್ರಿ ಅಂದೆ. ಹಚ್ಚಿದ್ರು, ಎರಡೂ ಕಡಿ ಮಾತು ಸಾಫ್. ಅಂದ್ರ ಫೋನೂ ಛಲೋ ಅದ, ಹೆಡ್‌ಸೆಟ್ಟೂ ಛಲೋ ಅದ. ಬಿಲ್ಡಿಂಗ್ ದಾಟಿ ಹೋಗೋ ಕಾಲ್‌ಗಷ್ಟೇ ತೊಂದ್ರಿ.

ಇಂಟರ್ನೆಟ್ ಫೋನ್‌ನಾಗ ರಿಂಗ್ ಬರೋ ದಾರಿ ಬ್ಯಾರೆ, ದನಿ ಬರೋ ದಾರಿ ಬ್ಯಾರೆ. ಕಾಲ್ ಹಚ್ಚೋದು, ಎತ್ತೋದು, ಇಡೋದು ಎಲ್ಲಾ ಸಿಪ್ ಅನ್ನೋದು ನೋಡ್ಕೋತದ, ಸಾಮಾನ್ಯವಾಗಿ 5060 ಪೋರ್ಟ್. ಪೋರ್ಟ್ ಅಂದ್ರ ನಂಬರ್ ಹಾಕಿದ ಬಾಗಿಲಿದ್ದಂಗ. ದನಿ ಆರ್‌ಟಿಪಿ ಮ್ಯಾಲ ಹೋಗ್ತದ. ಈ ಆಫೀಸಿನ ಫೋನ್ ನಡಸೋ ಸಾಫ್ಟ್‌ವೇರ್ ಆಸ್ಟರಿಸ್ಕ್. ಅದರ ಮಾದರಿ ಕಾನ್ಫಿಗ್‌ನಾಗ ದನಿಗಿ 10000ರಿಂದ 20000 ತನಕ ಯುಡಿಪಿ ಪೋರ್ಟ್ ಇಟ್ಟಾರ. ದನೀನ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕು ಮಾಡಿ ಕಳಸ್ತಾರ, ಸೆಕೆಂಡಿಗಿ 50 ಪ್ಯಾಕೆಟ್. ಹೋಗೋ ಸಾಲು ಒಂದು, ಬರೋ ಸಾಲು ಇನ್ನೊಂದು. ಒಂದು ಸತ್ರೂ ಇನ್ನೊಂದು ನಡೀತಾನೇ ಇರ್ತದ.

ಸ್ಕ್ರೀನ್ ನೋಡ್ರಿ. ಆಸ್ಟರಿಸ್ಕ್ ಕನ್ಸೋಲ್‌ನಾಗ ಆರ್‌ಟಿಪಿ ಡೀಬಗ್ ಚಾಲೂ ಮಾಡಿ, ಹೊರಗಿಂದ ನನ್ನ ಮೊಬೈಲ್‌ನಿಂದ ಹಚ್ಚೀನಿ. 'ಸೆಂಟ್' ಅನ್ನೋ ಸಾಲು ಸುರೀಲಾಕತ್ತಾವ, 'ಗಾಟ್' ಅನ್ನೋದು ಒಂದೂ ಇಲ್ಲ. ನಾವು ಕಳಸ್ಲಾಕತ್ತೀವಿ, ನಮಗ ಬರವಲ್ದು. ಯಾಕ? ನಾವು ಕಳಿಸಿದ ಸಿಪ್ ಮೆಸೇಜ್ ಬಿಚ್ಚಿ ನೋಡಿದ್ರ, ದನಿ ಇಲ್ಲಿಗಿ ಕಳಸ್ರಿ ಅನ್ನೋ ಜಾಗದಾಗ 192.168.1.50 ಅಂತ ಅದ. ಅದು ಈ ಆಫೀಸಿನ ಒಳಗಷ್ಟೇ ನಡಿಯೋ ಐಪಿ. ಮುಂಬೈದವರಿಗಿ "ಅಪ್ಪನ ಗುಡಿ ಹಿಂದಿನ ಮನಿ" ಅಂತಷ್ಟೇ ಬರದು ಪಾರ್ಸಲ್ ಕಳಸ್ರಿ ಅಂದಂಗ.

ಆಸ್ಟರಿಸ್ಕ್‌ನಾಗ ಸಿಪ್ ನೋಡ್ಕೊಳ್ಳೋ ಭಾಗ ಪಿಜೆಸಿಪ್. ಅದರ ಟ್ರಾನ್ಸ್‌ಪೋರ್ಟ್ ಸೆಟ್ಟಿಂಗ್‌ನಾಗ ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್, ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್ ಎರಡಕ್ಕೂ ಆಫೀಸಿನ ಪಬ್ಲಿಕ್ ಐಪಿ, ಅಂದ್ರ ಹೊರಗಿನವರಿಗಿ ಕಾಣೋ ಅಡ್ರೆಸ್, ಹಾಕೀನಿ. ಲೋಕಲ್ ನೆಟ್‌ಗಿ ಒಳಗಿನ ರೇಂಜ್ ಕೊಟ್ಟೀನಿ. ಸುಮ್ನ ರೀಲೋಡ್ ಹೊಡದ್ರ ಟ್ರಾನ್ಸ್‌ಪೋರ್ಟ್ ಬದಲಾಗಂಗಿಲ್ಲ, ಆಸ್ಟರಿಸ್ಕ್ ಪೂರ್ತಿ ರೀಸ್ಟಾರ್ಟ್ ಮಾಡ್ಬೇಕು. ಆಮ್ಯಾಲ ರೌಟರ್‌ನಾಗ ಸಿಪ್ ಎಎಲ್‌ಜಿ ಬಂದ್ ಮಾಡೀನಿ. ಸಹಾಯ ಮಾಡ್ತೀನಂತ ಬಂದು ಸಿಪ್ ಮೆಸೇಜ್ ಒಳಗಿನ ಅಡ್ರೆಸ್ ತಿದ್ದಿ ಕೆಡಸ್ತದ ಅದು. ನಾನಂತೂ ಎಲ್ಲೇ ಹೋದ್ರೂ ಬಂದ್ ಮಾಡಿ ಬರ್ತೀನಿ.

ದನಿ ಪೋರ್ಟ್‌ಗಳನ್ನ ಪಿಬಿಎಕ್ಸ್‌ಗಿ, ಅಂದ್ರ ಆಸ್ಟರಿಸ್ಕ್ ನಡಿಯೋ ಮಷಿನ್‌ಗಿ, ಫಾರ್ವರ್ಡ್ ಮಾಡೀನಿ. 5060 ಮಾತ್ರ ಇಡೀ ಜಗತ್ತಿಗಿ ತಗೀಬ್ಯಾಡ್ರಿ. ತೆಗದ್ರ ಕಾಲ್ ಬರ್ತಾವ ಖರೇ, ಸ್ಕ್ಯಾನ್ ಮಾಡೋ ಬಾಟ್‌ಗಳೂ ಬರ್ತಾವ. ಪಾಸ್‌ವರ್ಡ್ ಕಚ್ಚಾ ಇದ್ರ ರಾತ್ರೋರಾತ್ರಿ ವಿದೇಶಕ್ಕ ಕಾಲ್ ಹೋಗಿ ಬಿಲ್ ಬಂದು ಕುಂತಿರ್ತದ. ಫೋನ್ ಲೈನ್ ಕೊಟ್ಟವರ ಐಪಿಗಷ್ಟೇ ಬಿಡ್ರಿ.

ಇನ್ನೊಂದ್ ಗುರುತು ಹೇಳ್ತೀನಿ. ಎತ್ತಿದ ಮ್ಯಾಲ ಕಾಲ್ 32 ಸೆಕೆಂಡಿಗಿ ಸರಿಯಾಗಿ ಕಟ್ ಆಗ್ಲಾಕತ್ರ, ಅದೂ ಇದೇ ಅಡ್ರೆಸ್ ರೋಗ ಇರಬಹುದು. ಎತ್ತೀವಿ ಅಂತ ಹೇಳಿದ್ದಕ್ಕ ಆ ಕಡಿಂದ ಖಾತ್ರಿ ಬರದಿದ್ರ ಸಿಪ್ ಅಷ್ಟೊತ್ತು ಕಾದು ಬಿಟ್ಟುಬಿಡ್ತದ.

ಈಗ ಕಾಕಾನ ಮಾತು ಎರಡೂ ಕಡಿ ನಡದದ ನೋಡ್ರಿ. ಇಲ್ಲಿ ಆಡಿಯೋ ನಾನೇ ಮ್ಯೂಟ್ ಮಾಡೀನಿ, ರೇಟ್ ಹೊರಗ ಹಾಕಬ್ಯಾಡ ಅಂದಾರ ಸಾವಕಾರ್ರು.

ಉಳದಿದ್ದು ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗಿನ ಇವರ ಬ್ಯಾಳಿ ಮಿಲ್ಲಿನ ಫೋನು. ಅಲ್ಲಿ ಸಿಮ್ ಹಾಕೋ ರೌಟರ್ ಅದ, ಅದರ ಐಪಿ 100.64ರಿಂದ ಶುರು. ಅಂದ್ರ ಕಂಪನಿಯವರೇ ಒಂದು ಪಬ್ಲಿಕ್ ಐಪಿನ ಭಾಳ ಮಂದಿಗಿ ಹಂಚ್ಯಾರ. ಅದನ್ನ ನಂಬಿ ಫೈರ್‌ವಾಲ್‌ನಾಗ ಬಿಡ್ಲಾಕ ಬರಂಗಿಲ್ಲ. ಅಲ್ಲಿಂದ ಆಫೀಸಿಗಿ ವೈರ್‌ಗಾರ್ಡ್ ಟನಲ್ (ಇಂಟರ್ನೆಟ್ ಮ್ಯಾಲೇ ಎರಡೂ ಜಾಗದ ನಡುವ ಖಾಸಗಿ ದಾರಿ) ಹಾಕಿ ಫೋನ್ ಅದರೊಳಗಿಂದ ತಂದೀನಿ. ನೀವೂ ಹಿಂಗ ಮಾಡಿದ್ರ ಟನಲ್ಲಿನ ರೇಂಜೂ ಮಿಲ್ಲಿನ ರೇಂಜೂ ಲೋಕಲ್ ನೆಟ್‌ಗಿ ಸೇರಸ್ರಿ. ಇಲ್ಲಂದ್ರ ಪಿಬಿಎಕ್ಸ್ ಮಿಲ್ಲಿಗೂ ಪಬ್ಲಿಕ್ ಐಪಿನೇ ಹೇಳ್ತದ, ಆಗ ಮಿಲ್ಲಿನವರ ದನಿ ಟನಲ್ ಬಿಟ್ಟು ಬ್ಯಾರೆ ಕಡಿ ಹೋಗ್ತದ.