66 ಅಡಿ ಸರಪಳಿ, ಇಬ್ಬರು ಸೆನೆಟರು: ಅಮೆರಿಕ ಪಶ್ಚಿಮಕ್ಕೆ ಬೆಳೆದ ಲೆಕ್ಕ

[ತೆರೆಯ ಮೇಲೆ: ಓಹಿಯೋ ನದಿಯ ನಕ್ಷೆ. ಪೆನ್ಸಿಲ್ವೇನಿಯಾದ ಪಶ್ಚಿಮ ಗಡಿಯಲ್ಲಿ ಕೆಂಪು ಚುಕ್ಕೆ]

1785ರ ಸೆಪ್ಟೆಂಬರ್ 30. ಓಹಿಯೋ ನದಿಯ ಉತ್ತರ ದಡದ ಈ ಜಾಗದಿಂದ ಅಮೆರಿಕ ಸರ್ಕಾರದ ಸರ್ವೆ ಮುಖ್ಯಸ್ಥ ಥಾಮಸ್ ಹಚಿನ್ಸ್ ನೆಲ ಅಳೆಯಲು ಪಶ್ಚಿಮಕ್ಕೆ ಸರಪಳಿ ಎಳೆಸಲು ಶುರುಮಾಡಿದ. ನಾಲ್ಕು ಮೈಲಿಯೂ ಮುಗಿದಿರಲಿಲ್ಲ, ಮೂಲನಿವಾಸಿಗಳ ದಾಳಿಯ ಸುದ್ದಿ ಬಂತು. ಆ ವರ್ಷದ ಸರ್ವೆ ಅಲ್ಲಿಗೇ ನಿಂತಿತು.

ಇಷ್ಟು ಅವಸರ ಏಕೆ? ಸ್ವಾತಂತ್ರ್ಯ ಯುದ್ಧದ ಸಾಲ ತಲೆಮೇಲಿತ್ತು, ತೆರಿಗೆ ಹಾಕುವ ಅಧಿಕಾರ ಆಗಿನ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಕೇಂದ್ರ ಸಭೆಗೆ, ಇರಲಿಲ್ಲ. ಮಾರಲು ಇದ್ದದ್ದು ನೆಲ. ಅದೂ ಬೇರೆಯವರು ಬಾಳುತ್ತಿದ್ದ ನೆಲ.

[ತೆರೆಯ ಮೇಲೆ: 100 ಕೊಂಡಿಗಳ ಕಬ್ಬಿಣದ ಸರಪಳಿ]

ಇದು ಗಂಟರ್ ಸರಪಳಿ. ಉದ್ದ 66 ಅಡಿ, ಕೊಂಡಿ 100. ಎಂಬತ್ತು ಸರಪಳಿ ಒಂದು ಮೈಲಿ, ಹತ್ತು ಚದರ ಸರಪಳಿ ಒಂದು ಎಕರೆ. ನಮ್ಮ ಪಹಣಿಯ ಲೆಕ್ಕಕ್ಕೂ ಇದು ಸರಿಹೊಂದುತ್ತದೆ: ಇದರ ಅರ್ಧ, ಅಂದರೆ 33 ಅಡಿಯ ಚೌಕವೇ ಒಂದು ಗುಂಟೆ. ಹಾಗಾಗಿ ಒಂದು ಚದರ ಸರಪಳಿ ನಾಲ್ಕು ಗುಂಟೆ.

ನೆಲ ಅಳೆದು ಮಾರುವ 1785ರ ಕಾನೂನು ಹೀಗಿತ್ತು: ಆರು ಮೈಲಿಯ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ತುಂಡು, ಒಂದೊಂದೂ 640 ಎಕರೆ. ಹದಿನಾರನೆಯದು ಶಾಲೆಗೆ ಮೀಸಲು. 1796ರಿಂದ ತುಂಡುಗಳ ನಂಬರು ಈಶಾನ್ಯ ಮೂಲೆಯಲ್ಲಿ ಶುರುವಾಗಿ, ಎತ್ತು ಉಳುವ ಹಾಗೆ ಒಂದು ಸಾಲು ಆ ಕಡೆ, ಮುಂದಿನದು ಈ ಕಡೆ ಸಾಗುತ್ತದೆ.

ಕಾಗದದ ಮೇಲೆ ಚೆಂದ. ಕಾಡಿನಲ್ಲಿ? ಕೊಂಡಿಗಳು ಸವೆದು ಸರಪಳಿ ಉದ್ದವಾಗುತ್ತದೆ. ಒಂದು ಕೊಂಡಿಯಷ್ಟು, ಅಂದರೆ 7.92 ಇಂಚು ಬೆಳೆದರೂ ಮೈಲಿಗೆ ಸುಮಾರು 53 ಅಡಿ ನೆಲ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಸರಪಳಿಯನ್ನು ಮಟ್ಟವಾಗಿ ಹಿಡಿಯದಿದ್ದರೆ ಆಗುವುದು ಇದರ ಉಲ್ಟಾ, ನೆಲ ಕಡಿಮೆ ಬೀಳುತ್ತದೆ. ದಿಕ್ಸೂಚಿ ತೋರುವ ಉತ್ತರ ನಿಜವಾದ ಉತ್ತರವಲ್ಲ. ಸಾಲದ್ದಕ್ಕೆ ಭೂಮಿ ಗುಂಡಗಿದೆ: ಉತ್ತರಕ್ಕೆ ಹೋದಷ್ಟೂ ರೇಖಾಂಶಗಳು ಹತ್ತಿರವಾಗುವುದರಿಂದ ಟೌನ್‌ಶಿಪ್ ಪಕ್ಕಾ ಚೌಕ ಆಗಲು ಸಾಧ್ಯವೇ ಇಲ್ಲ. ಆ ಹೆಚ್ಚುಕಡಿಮೆಯನ್ನೆಲ್ಲ ಉತ್ತರ ಮತ್ತು ಪಶ್ಚಿಮ ಅಂಚಿನ ತುಂಡುಗಳಿಗೆ ತಳ್ಳಬೇಕೆಂದು 1800ರಲ್ಲಿ ನಿಯಮ ಬಂತು.

ಇದಕ್ಕಿಂತ ದೊಡ್ಡ ತಪ್ಪು ಬೆಲೆಯಲ್ಲಿತ್ತು. ಎಕರೆಗೆ ಕನಿಷ್ಠ ಒಂದು ಡಾಲರ್, ಕೊಳ್ಳಬೇಕಾದದ್ದು ಕನಿಷ್ಠ 640 ಎಕರೆ. ಅಷ್ಟು ದುಡ್ಡು ಯಾವ ರೈತನ ಹತ್ತಿರ ಇತ್ತು? ಕೊಂಡವರು ದಲ್ಲಾಳಿಗಳು, ಕಂಪನಿಗಳು. ಬಡವರು ಸುಮ್ಮನೆ ಹೋಗಿ ಮರ ಕಡಿದು ಉತ್ತರು. ನಮ್ಮ ಮಾತಲ್ಲಿ ಹೇಳುವುದಾದರೆ ಬಗರ್ ಹುಕುಂ. ಸೈನಿಕರು ಅವರ ಗುಡಿಸಲು ಸುಟ್ಟರು, ಅವರು ಮತ್ತೆ ಕಟ್ಟಿದರು. 1800ರಲ್ಲಿ 320 ಎಕರೆಗೆ ಇಳಿಸಿ, ನಾಲ್ಕು ವರ್ಷದ ಕಂತು ಕೊಟ್ಟರು, ಆದರೆ ದರ ಎರಡು ಡಾಲರ್. 1819ರಲ್ಲಿ ಬ್ಯಾಂಕುಗಳು ಕುಸಿದಾಗ ಕಂತು ಕಟ್ಟಲಾಗದೆ ಜನ ಕಂಗಾಲಾದರು. 1820ರಲ್ಲಿ ಕಂತು ರದ್ದು: 80 ಎಕರೆ, ಎಕರೆಗೆ 1.25 ಡಾಲರ್, ಅಂದರೆ ನೂರು ಡಾಲರ್ ನಗದು.

[ತೆರೆಯ ಮೇಲೆ: 1791, ನವೆಂಬರ್ 4]

ಮೂಲನಿವಾಸಿಗಳು ಸುಮ್ಮನೆ ಕೂರಲಿಲ್ಲ. ಮಯಾಮಿ ಜನರ ಲಿಟಲ್ ಟರ್ಟಲ್, ಶಾನಿ ಜನರ ಬ್ಲೂ ಜಾಕೆಟ್ ಮುಂದಾಳತ್ವದಲ್ಲಿ ಜನರಲ್ ಸೇಂಟ್ ಕ್ಲೇರ್‌ನ ಸೇನೆಯ 600ಕ್ಕೂ ಹೆಚ್ಚು ಸೈನಿಕರನ್ನು ಒಂದೇ ದಿನದಲ್ಲಿ ಕೊಂದರು. 1794ರಲ್ಲಿ ಫಾಲನ್ ಟಿಂಬರ್ಸ್ ಕದನದಲ್ಲಿ ಸೋತರು. ಮರುವರ್ಷ ಗ್ರೀನ್‌ವಿಲ್ ಒಪ್ಪಂದದಲ್ಲಿ ಇಂದಿನ ಓಹಿಯೋದ ಬಹುಪಾಲು ಕೈತಪ್ಪಿತು.

ಈಗ ರಾಜಕೀಯಕ್ಕೆ. ಓಹಿಯೋ ನದಿಯ ಉತ್ತರದ ಪ್ರದೇಶಕ್ಕೆ ಕಾಂಗ್ರೆಸ್ ಮಾಡಿದ 1787ರ ವಾಯವ್ಯ ಕಾನೂನಿನ (ನಾರ್ತ್‌ವೆಸ್ಟ್ ಆರ್ಡಿನೆನ್ಸ್) ಪ್ರಕಾರ 5,000 ಸ್ವತಂತ್ರ ವಯಸ್ಕ ಗಂಡಸರಾದರೆ ಶಾಸನಸಭೆ, 60,000 ಸ್ವತಂತ್ರ ಜನರಾದರೆ ರಾಜ್ಯ, ಹಳೆಯ ರಾಜ್ಯಗಳಿಗೆ ಸರಿಸಮ. ಓಹಿಯೋ ನದಿಯ ಉತ್ತರಕ್ಕೆ ಗುಲಾಮಗಿರಿ ನಿಷಿದ್ಧ. ದಕ್ಷಿಣದ ಕೆಂಟಕಿ, ಟೆನೆಸಿ ಗುಲಾಮಗಿರಿಯನ್ನು ಇಟ್ಟುಕೊಂಡೇ ರಾಜ್ಯಗಳಾದವು. ಹೊಸ ರಾಜ್ಯ ಎಂದರೆ ಮೇಲ್ಮನೆಯಾದ ಸೆನೆಟ್‌ಗೆ ಇಬ್ಬರು ಹೊಸ ಸೆನೆಟರು, ಗುಲಾಮಗಿರಿಯ ಪರವೋ ವಿರುದ್ಧವೋ ಎರಡು ಹೊಸ ಮತ. ಜಗಳದ ಬೇರು ಇಲ್ಲಿದೆ.

1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನಾ, ಅಂದರೆ ಮಿಸಿಸಿಪ್ಪಿ ನದಿಯ ಪಶ್ಚಿಮದ ವಿಶಾಲ ಪ್ರದೇಶ, ಕೊಂಡರು, ಒಂದೂವರೆ ಕೋಟಿ ಡಾಲರಿಗೆ. ಸಂವಿಧಾನದಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಅಧ್ಯಕ್ಷ ಜೆಫರ್ಸನ್‌ಗೇ ಅನುಮಾನವಿತ್ತು. ಆದರೂ ಕೊಂಡ.

ಆ ನೆಲದ ಮಿಸೌರಿ 1819ರಲ್ಲಿ ರಾಜ್ಯವಾಗಲು ಬಾಗಿಲು ತಟ್ಟಿತು. ಆಗ ಗುಲಾಮರಿಲ್ಲದ ರಾಜ್ಯ 11, ಗುಲಾಮರಿದ್ದ ರಾಜ್ಯವೂ ಅಲಬಾಮಾ ಸೇರಿ 11. ನ್ಯೂಯಾರ್ಕಿನ ಜೇಮ್ಸ್ ಟಾಲ್‌ಮಡ್ಜ್ ತಿದ್ದುಪಡಿ ತಂದ: ಮಿಸೌರಿಗೆ ಹೊಸ ಗುಲಾಮರನ್ನು ತರಬಾರದು, ಮುಂದೆ ಹುಟ್ಟುವ ಮಕ್ಕಳು 25 ತುಂಬಿದಾಗ ಸ್ವತಂತ್ರರು. ಕೆಳಮನೆ ಒಪ್ಪಿತು, ಸೆನೆಟ್ ತಳ್ಳಿಹಾಕಿತು.

[ತೆರೆಯ ಮೇಲೆ: ನಕ್ಷೆಗೆ ಅಡ್ಡಲಾಗಿ 36°30′ ಗೆರೆ]

1820ರ ರಾಜಿ: ಮಿಸೌರಿ ಗುಲಾಮಗಿರಿಯೊಂದಿಗೆ ರಾಜ್ಯ, ಮೇನ್ ಅದಿಲ್ಲದೆ ರಾಜ್ಯ. ಲೂಸಿಯಾನಾದ ಉಳಿದ ನೆಲದಲ್ಲಿ ಈ ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಲೋಪ ಕಂಡಿತೇ? ಗೆರೆ ಲೂಸಿಯಾನಾಕ್ಕೆ ಮಾತ್ರ. 1848ರಲ್ಲಿ ಮೆಕ್ಸಿಕೋದಿಂದ ಕಿತ್ತುಕೊಂಡ ನೆಲಕ್ಕೆ ಅದು ಏನನ್ನೂ ಹೇಳುವುದಿಲ್ಲ. 1854ರ ಕಾನ್ಸಸ್-ನೆಬ್ರಾಸ್ಕಾ ಕಾಯ್ದೆ ಆ ಗೆರೆಯನ್ನೇ ಅಳಿಸಿ, ತೀರ್ಮಾನವನ್ನು ಅಲ್ಲಿ ನೆಲೆಸುವವರ ಕೈಗೆ ಬಿಟ್ಟಿತು. ಎರಡೂ ಕಡೆಯವರು ಬಂದೂಕು ಹಿಡಿದು ಕಾನ್ಸಸ್‌ಗೆ ನುಗ್ಗಿದರು. ಅಲ್ಲಿ ಸರ್ವೆ ಶುರುವಾದದ್ದು ಆ ವರ್ಷದ ನವೆಂಬರಿನಲ್ಲಿ. ಅಷ್ಟರಲ್ಲೇ ಜನ ಗೂಟ ಹೊಡೆದು ಕೂತಿದ್ದರು.