ಸುವರ್ಣಯುಗದಲ್ಲೂ ಹೂಳೆತ್ತಬೇಕು

ನಮಸ್ಕಾರ. ಕಾದಂಬರಿಗೋ, ಗೇಮ್‌ಗೋ, ಕಾಮಿಕ್ಸ್‌ಗೋ ಇಡೀ ಒಂದು ದೇಶವನ್ನೇ ಕಲ್ಪಿಸಿಕೊಂಡು ಬರೆಯೋರ ಜೊತೆ ಇವತ್ತಿನ ಮಾತು. ಅಂಥ ದೇಶದ ಚರಿತ್ರೆಯಲ್ಲಿ ಯುದ್ಧದ ಭಾಗ ಸೊಗಸಾಗಿರುತ್ತೆ. ಯಾವ ಕೋಟೆ, ಎಷ್ಟು ಆನೆ, ಬಾಗಿಲು ತೆಗೆದುಕೊಟ್ಟ ದ್ರೋಹಿ ಯಾರು, ಎಲ್ಲಾ ಗೊತ್ತಿರುತ್ತೆ. ಆಮೇಲೆ ಶಾಂತಿಕಾಲ ಬರುತ್ತೆ. ಅದಕ್ಕೆ ಒಂದೇ ಸಾಲು: "ಮುಂದಿನ ಎಂಬತ್ತು ವರ್ಷ ಮಳೆ ಬೆಳೆ ಚೆನ್ನಾಗಿ ಆಗಿ ಪ್ರಜೆಗಳು ಸುಖವಾಗಿದ್ದರು." ನನ್ನ ತಕರಾರು ಈ ಸಾಲಿನ ಮೇಲೆ. ಎಂಬತ್ತು ವರ್ಷ ಮಳೆ ತಪ್ಪದೆ ಬಂದ ನಾಡು ಎಲ್ಲೂ ಇಲ್ಲ. ಮಳೆ ಕೈಕೊಟ್ಟ ವರ್ಷವೂ ಜನ ಗುಳೆ ಹೋಗಲಿಲ್ಲ ಅಂದ್ರೆ ಆ ಕಾಲವನ್ನ ಸುವರ್ಣಯುಗ ಅನ್ನಬಹುದು. ಹೇಗೆ ಹೋಗದೆ ಉಳಿದರು ಅನ್ನೋದನ್ನ ನೀವು ಹೇಳಲೇಬೇಕು.

ಮೊದಲು ಹೊಟ್ಟೆಯ ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಅಂದ್ರೆ ವರ್ಷಕ್ಕೆ ಸುಮಾರು 180 ಕಿಲೋ. ರಾಜಧಾನಿಯಲ್ಲಿ 50,000 ಜನ ಇದ್ದರೆ 9,000 ಟನ್ ಬೇಕು. ಕಚ್ಚಾ ದಾರಿಯಲ್ಲಿ ಒಂದು ಎತ್ತಿನ ಗಾಡಿಗೆ ಅರ್ಧ ಟನ್ ಹೇರಿದರೆ ವರ್ಷಕ್ಕೆ 18,000 ಗಾಡಿ. ಊರಬಾಗಿಲಲ್ಲಿ ದಿನಾ ಐವತ್ತು ಗಾಡಿ ಬಂದು ನಿಲ್ಲಬೇಕು. ಧಾನ್ಯ ನೂರು ಕಿಲೋಮೀಟರ್ ದೂರದಿಂದ ಬರ್ತಿದ್ದರೆ, ದಿನಕ್ಕೆ ಇಪ್ಪತ್ತು ಕಿಲೋಮೀಟರಿನಂತೆ ಬರೋಕೆ ಐದು ದಿನ, ಹೋಗೋಕೆ ಐದು ದಿನ. ಅಂದ್ರೆ ಯಾವ ಹೊತ್ತಿನಲ್ಲಿ ನೋಡಿದರೂ ದಾರಿ ಮೇಲೆ ಐನೂರು ಗಾಡಿ, ಸಾವಿರ ಎತ್ತು. ಅವಕ್ಕೆ ಮೇವು, ನೀರು, ರಾತ್ರಿ ತಂಗೋ ಜಾಗ ಬೇಕು. ಯುದ್ಧ ಶುರುವಾದ ದಿನ ಈ ಗಾಡಿಗಳೆಲ್ಲ ದಂಡಿನ ಹಿಂದೆ ಹೊರಡುತ್ತವೆ, ಪೇಟೆಯಲ್ಲಿ ಬೆಲೆ ಏರುತ್ತೆ. ನಿಮ್ಮ ಓದುಗರಿಗೆ ಶಾಂತಿ ಕಾಣಬೇಕು ಅಂದ್ರೆ ಆ ಗಾಡಿಗಳು ರಾತ್ರಿ ಹೊತ್ತು ಕಾವಲಿಲ್ಲದೆ ಸಾಗೋದನ್ನ ತೋರಿಸಿ.

ಇನ್ನು ಕೆರೆ. "ದೊರೆ ನೂರು ಕೆರೆ ಕಟ್ಟಿಸಿದ" ಅಂತ ಬರೆದುಬಿಡ್ತಾರೆ. ಕಟ್ಟಿಸೋದು ಒಂದೆರಡು ಬೇಸಿಗೆಯ ಕೆಲಸ, ಉಳಿಸಿಕೊಳ್ಳೋದು ತಲೆಮಾರುಗಳ ಕೆಲಸ. ಪ್ರತಿ ಮಳೆಗೂ ಹೂಳು ತುಂಬುತ್ತೆ. ಏರಿ ಮೇಲೆ ಮರ ಬೆಳೆಯುತ್ತೆ. ಅದು ಸತ್ತು ಬೇರು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತೆ. ಇನ್ನೊಂದು ಅಪಾಯವನ್ನ ಜನರೇ ತಂದುಕೊಳ್ತಾರೆ: ಇನ್ನೊಂದು ಮೊಳ ನೀರು ನಿಲ್ಲಲಿ ಅಂತ ಕೋಡಿಗೆ, ಅಂದ್ರೆ ಹೆಚ್ಚಾದ ನೀರು ಹೊರಗೆ ಹೋಗೋ ಜಾಗಕ್ಕೆ, ಮಣ್ಣು ಏರಿಸ್ತಾರೆ. ಜಡಿಮಳೆ ಹಿಡಿದ ರಾತ್ರಿ ನೀರಿಗೆ ಹೊರಗೆ ಹೋಗೋ ದಾರಿ ಇಲ್ಲದೆ ಏರಿಯ ಮೇಲೆ ಹತ್ತಿ ಹರಿಯುತ್ತೆ. ಮಣ್ಣಿನ ಏರಿ ಅದನ್ನ ತಾಳೋದಿಲ್ಲ. ಸಾಲುಕೆರೆಗಳಿದ್ದರೆ ಮೇಲಿನದು ಒಡೆದಾಗ ಕೆಳಗಿನವೂ ಒಂದಾದ ಮೇಲೊಂದು ಒಡೆಯಬಹುದು. ಹಾಗಾಗಿ ನಿಮ್ಮ ದೇಶದಲ್ಲಿ ಹೂಳೆತ್ತೋ ಖರ್ಚು ಯಾರದು, ತೂಬು ತೆಗೆದು ಗದ್ದೆಗೆ ನೀರು ಬಿಡೋ ನೀರುಗಂಟಿಗೆ ಸಂಬಳ ಎಲ್ಲಿಂದ ಅಂತ ಮೊದಲೇ ತೀರ್ಮಾನಿಸಿ. ಮಾದರಿ ಬೇಕಾದರೆ ನಮ್ಮ ಶಾಸನಗಳಲ್ಲೇ ಇದೆ. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡಿಸಿದವರಿಗೆ ದಶವಂದ ಅಂತ, ಕಟ್ಟುಕೊಡಗೆ ಅಂತ ಭೂಮಿ ಬಿಡ್ತಿದ್ದರು. ಹೂಳು ಹೊರೋ ಗಾಡಿಗೂ ದತ್ತಿ ಇರ್ತಿತ್ತು. ಈ ಏರ್ಪಾಡು ನನಗೆ ಯಾವ ಅರಮನೆಗಿಂತಲೂ ದೊಡ್ಡದಾಗಿ ಕಾಣುತ್ತೆ.

ಶಾಂತಿ ಬಂದಾಗ ಸೈನಿಕರು ಏನಾಗ್ತಾರೆ? ಬಹಳ ಜನ ಮರೆಯೋ ಪ್ರಶ್ನೆ ಇದು. ಕತ್ತಿ ಹಿಡಿಯೋದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ ಸಾವಿರಾರು ಗಂಡಸರನ್ನ ಸುಮ್ಮನೆ ಮನೆಗೆ ಕಳಿಸಿದರೆ ಹತ್ತೇ ವರ್ಷದಲ್ಲಿ ಅವರೇ ದಾರಿಗಳ್ಳರು. ರೋಮಿನ ಅಗಸ್ಟಸ್ ಮೊದಮೊದಲು ನಿವೃತ್ತರಿಗೆ ಜಮೀನು ಕೊಟ್ಟ. ಕ್ರಿ.ಶ. 6ರಲ್ಲಿ ಅವರಿಗಾಗಿಯೇ ಬೇರೆ ಖಜಾನೆ ತೆರೆದು, ಅದಕ್ಕೆ ಪಿತ್ರಾರ್ಜಿತದ ಮೇಲೆ ಶೇಕಡಾ 5, ಹರಾಜಿನ ಮೇಲೆ ಶೇಕಡಾ 1 ತೆರಿಗೆ ಹಾಕಿದ. ಶ್ರೀಮಂತರು ಗೊಣಗಿದರು, ತೆರಿಗೆ ನಿಂತಿತು. ಜಪಾನಿನಲ್ಲಿ ತೋಕುಗಾವ ಮನೆತನ ಆಳಿದ ಕಾಲ ಇನ್ನೊಂದು ದಾರಿ ಹಿಡಿಯಿತು: ಸಮುರಾಯ್‌ಗಳು ಕಚೇರಿ ಗುಮಾಸ್ತರಾದರು, ಸಂಬಳ ಅಕ್ಕಿಯಲ್ಲಿ. ಆದರೆ ಊರು ಬೆಳೆದು ಬೇರೆ ಸಾಮಾನಿನ ಬೆಲೆ ಏರುತ್ತಾ ಹೋದಾಗ ಅಕ್ಕಿಯ ಬೆಲೆ ಅದರ ಜೊತೆ ಏರಲಿಲ್ಲ. ಸಮುರಾಯ್‌ಗಳು ಅಕ್ಕಿ ದಲ್ಲಾಳಿಗಳ ಹತ್ತಿರ ಸಾಲಕ್ಕೆ ಬಿದ್ದರು. 1789ರಲ್ಲಿ ಸರ್ಕಾರವೇ ಹಳೇ ಸಾಲ ಮನ್ನಾ ಮಾಡಬೇಕಾಯಿತು. ಒಂದೇ ಒಂದು ಯುದ್ಧವಿಲ್ಲದೆ ಒಂದು ಇಡೀ ವರ್ಗ ಬಡವಾಗೋ ಕಥೆ ಇದು. ಇಂಥದ್ದು ನಿಮ್ಮ ಕೈಯಲ್ಲಿರುವಾಗ "ಎಲ್ಲರೂ ಸುಖವಾಗಿದ್ದರು" ಅಂತ ಯಾಕೆ ಬರೀಬೇಕು?

ಶಾಂತಿಪ್ರಿಯ ದೊರೆಯ ಚಿತ್ರ ಬೇಕಾದರೆ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನ ನೋಡಿ. ಸುಮಾರು 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ನಮಗೆ ಉಳಿದು ಬಂದಿರೋ ಅತಿ ಹಳೆಯ ಕನ್ನಡ ಕೃತಿ ಕವಿರಾಜಮಾರ್ಗ ಅವನ ಆಸ್ಥಾನದ್ದು. ಆದರೆ ಹುಡುಗನಾಗಿ ಪಟ್ಟಕ್ಕೆ ಬಂದವನು ಕೆಲವೇ ವರ್ಷದಲ್ಲಿ ದಂಗೆಯಿಂದ ಸಿಂಹಾಸನ ಕಳಕೊಂಡ. ಗುಜರಾತಿನಲ್ಲಿದ್ದ ದಾಯಾದಿ ಕರ್ಕ ನಿಂತು ಅದನ್ನ ಮರಳಿ ಕೊಡಿಸಿದ. ಗಂಗರ ಜೊತೆ ವರ್ಷಗಟ್ಟಲೆ ಕಾದಾಡಿ ಕಡೆಗೆ ಮಗಳು ಚಂದ್ರಬ್ಬಲಬ್ಬೆಯನ್ನ ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಬೀಗತನ ಬೆಳೆಸಿದ. ನಾಡಿಗೆ ಬಂದ ಕೇಡು ಕಳೆಯಲಿ ಅಂತ ಕೊಲ್ಲಾಪುರದ ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಕತ್ತರಿಸಿ ಒಪ್ಪಿಸಿದ ಅಂತ ಸಂಜಾನದ ತಾಮ್ರಶಾಸನ ಹೇಳುತ್ತೆ. ಶಾಂತ ದೊರೆಯ ಕಾಲಕ್ಕೂ ಕೇಡು ಬರುತ್ತೆ. ಆ ಬೆರಳನ್ನ ಬಿಟ್ಟು ಅವನ ಚಿತ್ರ ಬರೆದರೆ ಅದು ಕ್ಯಾಲೆಂಡರ್ ಚಿತ್ರ ಆಗುತ್ತೆ.

ಶಾಂತಿಯೊಳಗೇ ಬೆಳೆಯೋ ತೊಡಕೊಂದಿದೆ. ಜನಸಂಖ್ಯೆ ವರ್ಷಕ್ಕೆ ಶೇಕಡಾ 1 ಏರಿದರೆ ಎಪ್ಪತ್ತು ವರ್ಷಕ್ಕೆ ಎರಡರಷ್ಟಾಗುತ್ತೆ. ಎಂಟು ಎಕರೆ ಇದ್ದ ಅಜ್ಜನಿಗೆ ಇಬ್ಬರು ಗಂಡುಮಕ್ಕಳು, ಅವರಿಗೂ ಇಬ್ಬಿಬ್ಬರು ಅಂದ್ರೆ ಮೊಮ್ಮಗನ ಪಾಲು ಎರಡು ಎಕರೆ. ಗೋಮಾಳಕ್ಕೆ ನೇಗಿಲು ಬೀಳುತ್ತೆ, ಕೆರೆಯಂಗಳ ಒತ್ತುವರಿ ಆಗುತ್ತೆ, ಬದುವಿನ ಜಗಳ ಚಾವಡಿಗೆ ಬರುತ್ತೆ. ನಿಮ್ಮ ಸುವರ್ಣಯುಗ ಮುಗಿಯಬೇಕಾದರೆ ಹೊರಗಿನ ಶತ್ರು ಬೇಕಿಲ್ಲ, ಮೂರನೇ ತಲೆಮಾರಿನ ಪಾಲುಪಟ್ಟಿ ಸಾಕು.

ಕಡೆಗೆ ಒಂದು ಸಣ್ಣ ಸೂಚನೆ. ನಮ್ಮ ಹಳ್ಳಿಗಳಲ್ಲಿ ತುರುಗಳನ್ನ ಕಾಯೋಕೆ ಹೋಗಿ ಸತ್ತವರ ವೀರಗಲ್ಲುಗಳಿವೆ, ಹೆಸರಾಂತ ದೊರೆಗಳ ಕಾಲದವೂ ಇವೆ. ದೊಡ್ಡ ಯುದ್ಧ ಇಲ್ಲದಾಗಲೂ ದನ ಹೊಡೆದುಕೊಂಡು ಹೋಗೋರು ಇದ್ದರು. ನಿಮ್ಮ ದೇಶದ ಒಂದು ಹಳ್ಳಿ ಆರಿಸಿಕೊಳ್ಳಿ. ಅಲ್ಲಿ ಕೊನೆಯ ವೀರಗಲ್ಲು ನಿಂತದ್ದು ಯಾವ ವರ್ಷ ಅಂತ ಗುರುತು ಹಾಕಿ. ಆಮೇಲೆ ಅದನ್ನ ಕೆತ್ತಿದ ಕಲ್ಲುಕುಟಿಗನ ಮಗನಿಗೆ ಕೆಲಸ ಹುಡುಕಿ. ತೂಬಿನ ಕಂಬ ಕಡಿಯೋ ಕೆಲಸ ಸಿಕ್ಕಿತೋ, ಬೀಸೋ ಕಲ್ಲಿನದೋ, ಇಲ್ಲಾ ಊರು ಬಿಟ್ಟನೋ? ಅಲ್ಲಿಂದ ಬರೆಯೋಕೆ ಶುರು ಮಾಡಿ.